ಕಡಿದಾದ ಕರಾವಳಿಯಲ್ಲಿ ಬೀಚ್ ಆಯ್ದುಕೊಳ್ಳುವ ಬಗೆ: ಜಾಗದ ಜೊತೆಗೆ ಗಳಿಗೆಯನ್ನೂ ನೋಡಿ

"ಬಂಡೆಗಳೇ ತುಂಬಿದ ಕರಾವಳಿಗೆ ಹೊರಟಿದ್ದೇವೆ, ಕೈಯಲ್ಲಿ ನಾಲ್ಕು ದಿನ ಇದೆ, ಯಾವ ಯಾವ ಬೀಚ್ ನೋಡಬೇಕು?" ಎಂದು ಓದುಗರು ಮತ್ತೆ ಮತ್ತೆ ಕೇಳುತ್ತಾರೆ. ಹತ್ತು ಹೆಸರುಗಳ ಪಟ್ಟಿ ಕೊಟ್ಟು ಕೈತೊಳೆದುಕೊಳ್ಳುವುದು ಸುಲಭ. ಆದರೆ ಅಂಥ ಪಟ್ಟಿ ಹಿಡಿದು ಹೋದವರು ಎಷ್ಟೋ ಸಲ ಪೆಚ್ಚುಮೋರೆ ಹಾಕಿಕೊಂಡು ಮರಳುತ್ತಾರೆ. ಮೈಲುಗಟ್ಟಲೆ ನೇರವಾಗಿ ಹಬ್ಬಿದ ಮರಳುದಂಡೆ ಬೆಳಿಗ್ಗೆಯೂ ಸಂಜೆಯೂ ಹೆಚ್ಚುಕಡಿಮೆ ಒಂದೇ ತೆರನಾಗಿರುತ್ತದೆ. ಎರಡು ಬಂಡೆಗೋಡೆಗಳ ನಡುವೆ ಸಿಕ್ಕಿಕೊಂಡ ಚಿಕ್ಕ ಬೀಚಿನ ಸಂಗತಿಯೇ ಬೇರೆ. ಬೆಳಿಗ್ಗೆ ಒಂಬತ್ತಕ್ಕೆ ನೂರು ಹೆಜ್ಜೆ ಅಗಲವಿದ್ದ ಮರಳು ಮಧ್ಯಾಹ್ನ ಮೂರಕ್ಕೆ ಪೂರ್ತಿ ನೀರಿನಡಿ ಇರಬಹುದು. ಬೇಸಿಗೆಯಲ್ಲಿ ನುಣುಪಾದ ಮರಳಿದ್ದಲ್ಲಿ ಬಿರುಗಾಳಿಯ ಕಾಲ ಮುಗಿಯುವ ಹೊತ್ತಿಗೆ ಬರೀ ಕಲ್ಲು ಉಳಿದಿರಬಹುದು. ಆದ್ದರಿಂದ ಇಂಥ ಕರಾವಳಿಯಲ್ಲಿ ಬೀಚನ್ನು ಆರಿಸುವುದೆಂದರೆ ಅದರ ಋತುವನ್ನೂ ಗಳಿಗೆಯನ್ನೂ ಸೇರಿಸಿಯೇ ಆರಿಸುವುದು. ಅದನ್ನು ಮಾಡುವ ಬಗೆಯನ್ನು ಹಂತ ಹಂತವಾಗಿ ಕೆಳಗೆ ಕೊಟ್ಟಿದ್ದೇನೆ.

ಮೊದಲು ಕೈಯಲ್ಲಿರಬೇಕಾದವು

ನಾಲ್ಕು ಸಾಮಗ್ರಿ ಸಾಕು. ಎತ್ತರದ ಗೆರೆಗಳಿರುವ, ಅಂದರೆ ಒಂದೇ ಎತ್ತರದ ಜಾಗಗಳನ್ನು ಗೆರೆಯಿಂದ ಜೋಡಿಸಿ ತೋರಿಸುವ ಒಂದು ನಕ್ಷೆ. ಉಪಗ್ರಹ ಚಿತ್ರ, ಅದರಲ್ಲೂ ಹಿಂದಿನ ವರ್ಷಗಳ ಚಿತ್ರಗಳನ್ನು ತಿರುವಿ ನೋಡಲು ಬರುವ ಗೂಗಲ್ ಅರ್ಥ್‌ನಂಥದ್ದು. ಆ ಕರಾವಳಿಗೇ ಸಂಬಂಧಿಸಿದ ಉಬ್ಬರವಿಳಿತದ ಕೋಷ್ಟಕ. ಮತ್ತು ಅಲೆಗಳ ಮುನ್ಸೂಚನೆ. ಮೊದಲಿನ ಎರಡನ್ನು ಮನೆಯಲ್ಲೇ ಕುಳಿತು ನೋಡಬಹುದು. ಕೋಷ್ಟಕ ತಿಂಗಳುಗಳ ಮೊದಲೇ ಸಿಗುತ್ತದೆ, ಏಕೆಂದರೆ ಸೂರ್ಯ ಚಂದ್ರರ ಸೆಳೆತವನ್ನು ಮುಂಚಿತವಾಗಿ ಲೆಕ್ಕ ಹಾಕಬಹುದು. ಅಲೆಗಳ ಮುನ್ಸೂಚನೆಯನ್ನು ಮಾತ್ರ ಹೊರಡುವ ಒಂದೆರಡು ದಿನ ಮೊದಲು ನೋಡಿದರೆ ಪ್ರಯೋಜನ. ಬಂಡೆಗೋಡೆಯ ಕೆಳಗಿನ ಕೊಲ್ಲಿಗಳಲ್ಲಿ ಮೊಬೈಲ್ ಸಿಗ್ನಲ್ ಬಹಳ ಸಲ ಸಿಗುವುದಿಲ್ಲವಾದ್ದರಿಂದ ನಕ್ಷೆಯನ್ನೂ ಆ ದಿನದ ಕೋಷ್ಟಕವನ್ನೂ ಫೋನಿನಲ್ಲಿ ಉಳಿಸಿಕೊಳ್ಳಿ. ಕಾಗದದ ಮೇಲೆ ಬರೆದುಕೊಂಡರೆ ಇನ್ನೂ ಒಳ್ಳೆಯದು.

1. ನಿಮಗೆ ಏನು ಬೇಕೆಂದು ನಿರ್ಧರಿಸಿ

ಈಜಬೇಕೇ, ನಡೆಯಬೇಕೇ, ಚಿತ್ರ ತೆಗೆಯಬೇಕೇ, ಮಕ್ಕಳನ್ನು ಆಡಿಸಬೇಕೇ, ಸುಮ್ಮನೆ ಕೂರಬೇಕೇ? ಕಡಿದಾದ ಕರಾವಳಿಯ ಅತಿ ಸುಂದರ ಬೀಚುಗಳಲ್ಲಿ ಬಹುಪಾಲು ಈಜಲು ತಕ್ಕವಲ್ಲ ಎಂಬುದನ್ನು ಮೊದಲೇ ಒಪ್ಪಿಕೊಂಡರೆ ಮುಂದಿನ ಕೆಲಸ ಹಗುರವಾಗುತ್ತದೆ. ನೋಡುವ ಬೀಚು ಬೇರೆ, ನೀರಿಗಿಳಿಯುವ ಬೀಚು ಬೇರೆ ಎಂದು ಪಟ್ಟಿಯನ್ನೇ ಎರಡು ಮಾಡಿಕೊಳ್ಳಿ.

2. ನಕ್ಷೆಯಲ್ಲಿ ಕರಾವಳಿಯ ಅಂಕುಡೊಂಕನ್ನು ಓದಿ

ಸಮುದ್ರದೊಳಗೆ ಚಾಚಿಕೊಂಡ ನೆಲದ ಮೂತಿಗೆ ಭೂಶಿರ ಎನ್ನುತ್ತಾರೆ. ಎರಡು ಭೂಶಿರಗಳ ನಡುವೆ ಒಳಸರಿದ ನೀರು ಕೊಲ್ಲಿ. ಆಳವಿಲ್ಲದ ನೀರಿಗೆ ಬಂದಾಗ ಅಲೆಯ ವೇಗ ತಗ್ಗುತ್ತದೆ. ಭೂಶಿರದ ಮುಂದೆ ಆಳ ಮೊದಲೇ ಕಡಿಮೆಯಾಗುವುದರಿಂದ ಅಲೆಗಳು ಅದರ ಕಡೆಗೇ ಬಾಗಿ, ತಮ್ಮ ಶಕ್ತಿಯನ್ನು ಅಲ್ಲಿ ಸುರಿಯುತ್ತವೆ. ಕೊಲ್ಲಿಯೊಳಗೆ ಅದೇ ಶಕ್ತಿ ಹರಡಿ ತೆಳುವಾಗುತ್ತದೆ. ಮೂತಿ ಸವೆದು ಬಂದ ಪುಡಿಯೂ ತೊರೆಗಳು ಹೊತ್ತು ತಂದ ಮರಳೂ ಕೊಲ್ಲಿಯ ಒಡಲಲ್ಲಿ ಶೇಖರವಾಗಲು ಇದೇ ಕಾರಣ. ಹಾಗಾಗಿ ಮರಳು ಬೇಕಾದವರು ನಕ್ಷೆಯಲ್ಲಿ ಒಳಸರಿದ ಜಾಗಗಳನ್ನು ಹುಡುಕಬೇಕು, ಅಬ್ಬರ ನೋಡಬೇಕಾದವರು ಮೂತಿಯ ಮೇಲಿನ ಕಾಲುದಾರಿಗಳನ್ನು ಹುಡುಕಬೇಕು.

ನಂತರ ಕೊಲ್ಲಿಯ ಬಾಯಿ ಯಾವ ದಿಕ್ಕಿಗೆ ತೆರೆದಿದೆ ಎಂದು ನೋಡಿ. ಆ ಕಾಲದಲ್ಲಿ ಅಲೆಗಳು ಬರುವ ದಿಕ್ಕಿಗೇ ಬಾಯಿ ತೆರೆದಿದ್ದರೆ ಒಳಗೂ ಅಬ್ಬರವಿರುತ್ತದೆ. ಭೂಶಿರದ ಮರೆಯಲ್ಲಿ ಅಡ್ಡ ತಿರುಗಿ ಕೂತ ಕೊಲ್ಲಿಯಾದರೆ, ಹೊರಗೆ ಕಡಲು ಕುದಿಯುತ್ತಿರುವ ದಿನವೂ ಒಳಗೆ ಶಾಂತವಾಗಿರಬಹುದು. ದಿಕ್ಕು ಬೆಳಕನ್ನೂ ನಿರ್ಧರಿಸುತ್ತದೆ. ಪೂರ್ವಕ್ಕೆ ಮುಖ ಮಾಡಿದ, ಬೆನ್ನಿಗೆ ಎತ್ತರದ ಬಂಡೆಗೋಡೆಯಿರುವ ಬೀಚು ಮಧ್ಯಾಹ್ನ ಮೂರರ ಹೊತ್ತಿಗೇ ನೆರಳಿಗೆ ಬೀಳುತ್ತದೆ. ಸುಡುಬಿಸಿಲಿನ ನಾಡಿನಲ್ಲಿ ಅದೇ ವರ, ಚಳಿಯ ನಾಡಿನಲ್ಲಿ ಅದೇ ಶಾಪ. ಸೂರ್ಯಾಸ್ತಕ್ಕೆಂದು ಹೋಗುವವರು ಪಶ್ಚಿಮಕ್ಕೆ ಬಾಯಿ ತೆರೆದಿದ್ದರಷ್ಟೇ ಸಾಲದು, ನಡುವೆ ಮೂತಿಯೊಂದು ಅಡ್ಡ ಬರುತ್ತದೆಯೇ ಎಂಬುದನ್ನೂ ನೋಡಬೇಕು.

ನಕ್ಷೆಯ ಎತ್ತರದ ಗೆರೆಗಳನ್ನು ಮರೆಯಬೇಡಿ. ರಸ್ತೆಯಿಂದ ಮರಳಿಗೆ ನೇರ ಅಂತರ ಮುನ್ನೂರು ಮೀಟರೇ ಇರಬಹುದು, ಆದರೆ ಗೆರೆಗಳು ಒಂದಕ್ಕೊಂದು ಅಂಟಿಕೊಂಡಂತಿದ್ದರೆ ಅದು ಐವತ್ತು ಅಂತಸ್ತಿನ ಕಟ್ಟಡ ಇಳಿದು ಹತ್ತಿದಷ್ಟು ಶ್ರಮವಾಗಬಹುದು. ತೊರೆಯೊಂದು ಕಡಲಿಗೆ ಸೇರುವ ಕಡೆ ಬಂಡೆಗೋಡೆ ಸೀಳಿಕೊಂಡಿರುವುದರಿಂದ ಇಳಿಯುವ ದಾರಿ ಸಾಮಾನ್ಯವಾಗಿ ಅಲ್ಲೇ ಇರುತ್ತದೆ.

3. ನೆಲದಲ್ಲಿ ಏನಿದೆ ಎಂದು ತಿಳಿದುಕೊಳ್ಳಿ

ಬೀಚಿನ ಬಣ್ಣ ಹೆಚ್ಚಾಗಿ ಅದರ ಹಿಂದಿನ ಬಂಡೆಯಿಂದ ಬಂದದ್ದು. ಐಸ್‌ಲ್ಯಾಂಡಿನ ರೇನಿಸ್‌ಫ್ಯಾರಾ ಕಪ್ಪಗಿರುವುದು ಜ್ವಾಲಾಮುಖಿಯ ಬಸಾಲ್ಟ್ ಶಿಲೆಯಿಂದ. ಹವಾಯಿಯ ಪಾಪಕೋಲೆಯ ಹಸಿರು ಮರಳು ಆಲಿವಿನ್ ಎಂಬ ಖನಿಜದ್ದು. ಕ್ಯಾಲಿಫೋರ್ನಿಯಾದ ಬಿಗ್ ಸರ್ ಕರಾವಳಿಯ ಫೈಫರ್ ಬೀಚಿನಲ್ಲಿ ಅಲ್ಲಲ್ಲಿ ಕಾಣುವ ನೇರಳೆ ಗೆರೆಗಳು ಗಾರ್ನೆಟ್ ಹರಳಿನ ಪುಡಿ. ಬಣ್ಣದ ಆಸೆಯಿಂದ ಹೋಗುವವರಿಗೆ ಒಂದು ಮಾತು: ಇಂಥ ಬಣ್ಣ ಇಡೀ ಬೀಚಿಗೆ ಬಳಿದಂತೆ ಇರಬೇಕೆಂದಿಲ್ಲ. ಫೈಫರ್‌ನ ನೇರಳೆ ಕೆಲವು ಪಟ್ಟಿಗಳಲ್ಲಷ್ಟೇ ಕಾಣುತ್ತದೆ, ಮಳೆಗೂ ಅಲೆಗೂ ತಕ್ಕಂತೆ ಜಾಗ ಬದಲಿಸುತ್ತದೆ. ಚಿತ್ರಗಳಲ್ಲಿ ಕಾಣುವಷ್ಟು ಗಾಢ ಬಣ್ಣದಲ್ಲಿ ಕ್ಯಾಮೆರಾದ ಕೈವಾಡವೂ ಇರುತ್ತದೆ.

ಬಣ್ಣಕ್ಕಿಂತ ಕಾಳಿನ ಗಾತ್ರ ಮುಖ್ಯ. ನುಣುಪಾದ ಸಣ್ಣ ಮರಳು ನೀರನ್ನು ಬೇಗ ಇಂಗಿಸಿಕೊಳ್ಳದ ಕಾರಣ ಹಿಂದಿರುಗುವ ಅಲೆ ಅದನ್ನು ಎಳೆದು ಚಪ್ಪಟೆಯಾಗಿ ಹರಡುತ್ತದೆ. ಅಂಥ ಬೀಚು ಗಟ್ಟಿಯಾಗಿ, ಇಳಿಜಾರಿಲ್ಲದೆ, ನಡೆಯಲು ಹಿತವಾಗಿರುತ್ತದೆ. ದಪ್ಪ ಗರಸು ಮತ್ತು ಉರುಟುಗಲ್ಲುಗಳ ನಡುವೆ ನೀರು ಇಂಗಿಹೋಗುತ್ತದೆ, ಕಲ್ಲು ಮೇಲೇ ಉಳಿಯುತ್ತದೆ, ಬೀಚು ಕಡಿದಾಗುತ್ತದೆ. ಕಡಿದಾದ ಬೀಚಿನಲ್ಲಿ ಅಲೆ ದೂರದಲ್ಲಿ ಒಡೆಯದೆ ದಡಕ್ಕೆ ಬಂದೇ ಕವುಚಿ ಬೀಳುತ್ತದೆ. ಮೊಣಕಾಲುದ್ದದ ನೀರಿನಲ್ಲಿ ನಿಂತವರನ್ನೂ ಅದು ಎತ್ತಿ ಒಗೆಯಬಲ್ಲದು. ಮಕ್ಕಳಿದ್ದರೆ ಇಂಥವನ್ನು ಪಟ್ಟಿಯಿಂದ ತೆಗೆದುಬಿಡಿ.

4. ಉಬ್ಬರವಿಳಿತಕ್ಕೆ ದಿನವನ್ನು ಹೊಂದಿಸಿ

ಇದೇ ಅತಿ ಮುಖ್ಯವಾದ ಹಂತ, ಜನ ಹೆಚ್ಚಾಗಿ ಬಿಟ್ಟುಬಿಡುವುದೂ ಇದನ್ನೇ. ಹೆಚ್ಚಿನ ಕಡೆ ಒಂದು ಉಬ್ಬರದಿಂದ ಮುಂದಿನ ಉಬ್ಬರಕ್ಕೆ ಸುಮಾರು 12 ಗಂಟೆ 25 ನಿಮಿಷ ಹಿಡಿಯುತ್ತದೆ. ಎಂದರೆ ಇಂದು ಬೆಳಿಗ್ಗೆ ಎಂಟಕ್ಕೆ ಇಳಿತವಿದ್ದರೆ ನಾಳೆ ಅದು ಸುಮಾರು 50 ನಿಮಿಷ ತಡವಾಗಿ ಬರುತ್ತದೆ. ಕೆಲವು ಕರಾವಳಿಗಳಲ್ಲಿ ದಿನಕ್ಕೆ ಒಂದೇ ಉಬ್ಬರವೂ ಉಂಟು. ನೀರಿನ ಏರಿಳಿತದ ಅಂತರ ಜಾಗದಿಂದ ಜಾಗಕ್ಕೆ ಅಜಗಜಾಂತರ: ಮೆಡಿಟರೇನಿಯನ್ನಿನ ಬಹುಪಾಲು ಕಡೆ ಅರ್ಧ ಮೀಟರಿಗೂ ಕಡಿಮೆ, ಕೆನಡಾದ ಫಂಡಿ ಕೊಲ್ಲಿಯಲ್ಲಿ 16 ಮೀಟರಿನವರೆಗೂ ಹೋಗುತ್ತದೆ. ನೀವು ಹೋಗುವ ಕಡೆ ಅಂತರ ಅರ್ಧ ಮೀಟರೇ ಆದರೆ ಈ ಹಂತವನ್ನು ಹಗುರವಾಗಿ ದಾಟಬಹುದು. ಎರಡು ಮೀಟರ್ ಮೀರಿದರೆ ದಿನದ ಕಾರ್ಯಕ್ರಮವನ್ನು ಕೋಷ್ಟಕವೇ ಬರೆಯಬೇಕು.

ಪಂಚಾಂಗ ನೋಡುವ ಅಭ್ಯಾಸವಿದ್ದವರಿಗೆ ಇಲ್ಲೊಂದು ಅನುಕೂಲವಿದೆ. ಹುಣ್ಣಿಮೆ ಮತ್ತು ಅಮಾವಾಸ್ಯೆಯ ಆಸುಪಾಸು, ಸಾಮಾನ್ಯವಾಗಿ ಒಂದೆರಡು ದಿನ ತಡವಾಗಿ, ಏರಿಳಿತದ ಅಂತರ ಅತಿ ಹೆಚ್ಚಾಗಿರುತ್ತದೆ. ಅಷ್ಟಮಿಯ ಆಸುಪಾಸು ಅತಿ ಕಡಿಮೆ. ದೊಡ್ಡ ಇಳಿತದ ದಿನಗಳಲ್ಲಿ ಮಾತ್ರ ತೆರೆದುಕೊಳ್ಳುವ ಗುಹೆಗಳು, ಕಮಾನುಗಳು, ಬಂಡೆಯ ಹೊಂಡಗಳು ಎಷ್ಟೋ ಇವೆ. ಸ್ಪೇನಿನ ಗಲೀಷಿಯಾದ ಕ್ಯಾಥೆಡ್ರಲ್ ಬೀಚು ಇದಕ್ಕೆ ಒಳ್ಳೆಯ ಉದಾಹರಣೆ: ಇಳಿತದ ವೇಳೆ ಕಲ್ಲಿನ ಕಮಾನುಗಳ ಕೆಳಗೆ ಮರಳಿನ ಮೇಲೆ ನಡೆಯಬಹುದು, ಉಬ್ಬರದ ವೇಳೆ ಮೇಲಿನ ದಾರಿಯಿಂದ ನೋಡಿದವನಿಗೆ ಬೀಚೇ ಕಾಣುವುದಿಲ್ಲ. ಬೇಸಿಗೆಯಲ್ಲಿ ಅಲ್ಲಿಗೆ ಮುಂಗಡ ನೋಂದಣಿಯೂ ಬೇಕು.

ನೀರು ಒಂದೇ ವೇಗದಲ್ಲಿ ಏರುವುದಿಲ್ಲ ಎಂಬುದನ್ನು ನೆನಪಿಡಿ. ಇಳಿತದಿಂದ ಉಬ್ಬರದವರೆಗಿನ ಸುಮಾರು ಆರು ಗಂಟೆಗಳಲ್ಲಿ ಮೊದಲ ಗಂಟೆ ಒಟ್ಟು ಏರಿಕೆಯ ಹನ್ನೆರಡನೇ ಒಂದು ಪಾಲು, ಎರಡನೆಯದು ಎರಡು ಪಾಲು, ಮೂರನೆಯದೂ ನಾಲ್ಕನೆಯದೂ ಮೂರು ಮೂರು ಪಾಲು, ನಂತರ ಎರಡು, ಕೊನೆಗೆ ಒಂದು. ಅಂತರ 6 ಮೀಟರ್ ಇರುವ ಕಡೆ ಮೊದಲ ಗಂಟೆಯಲ್ಲಿ ಅರ್ಧ ಮೀಟರ್ ಏರಿದ ನೀರು ಮೂರನೆಯ ಗಂಟೆಯಲ್ಲಿ ಒಂದೂವರೆ ಮೀಟರ್ ಏರುತ್ತದೆ. "ಇಷ್ಟು ಹೊತ್ತು ಏನೂ ಆಗಲಿಲ್ಲ, ಇನ್ನೊಂದು ಗಂಟೆ ಕೂರೋಣ" ಎಂದವರು ಸಿಕ್ಕಿಬೀಳುವುದು ಆ ಗಂಟೆಯಲ್ಲಿ. ಇದು ಅಂದಾಜಿನ ಲೆಕ್ಕವೇ ಹೊರತು ಎಲ್ಲೆಡೆಗೂ ಸಲ್ಲುವ ಸೂತ್ರವಲ್ಲ, ಆದರೆ ಎಚ್ಚರಕ್ಕೆ ಸಾಕು.

ಹಾಗಾದರೆ ಯಾವಾಗ ಹೋಗಬೇಕು? ಇಳಿತದ ಸಮಯಕ್ಕಿಂತ ಎರಡು ಗಂಟೆ ಮೊದಲು ಬೀಚಿಗೆ ಇಳಿಯಿರಿ, ನೀರು ಹಿಂದೆ ಸರಿಯುತ್ತಿರುವಾಗಲೇ ಮೂತಿಗಳನ್ನು ಸುತ್ತಿ ಬನ್ನಿ, ಇಳಿತದ ಸಮಯ ಮುಟ್ಟುವಷ್ಟರಲ್ಲಿ ಮರಳುವ ದಾರಿ ಹಿಡಿಯಿರಿ. ಒಂದು ಕೊಲ್ಲಿಯಿಂದ ಪಕ್ಕದ ಕೊಲ್ಲಿಗೆ ಮರಳಿನ ಮೇಲೇ ನಡೆದುಹೋಗುವ ಆಸೆ ಎಲ್ಲರಿಗೂ ಬರುತ್ತದೆ. ಆ ಎರಡನೇ ಕೊಲ್ಲಿಗೆ ಮೇಲೆ ಹತ್ತುವ ಬೇರೆ ದಾರಿ ಇದೆಯೆಂದು ನಕ್ಷೆಯಲ್ಲಿ ಕಂಡಿದ್ದರೆ ಮಾತ್ರ ಹೋಗಿ.

ಕೋಷ್ಟಕ ಓದುವಾಗ ಆಗುವ ತಪ್ಪುಗಳು ಮೂರು. ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುವ ದೇಶಗಳಲ್ಲಿ ಕೆಲವು ಕೋಷ್ಟಕಗಳು ಆ ಬದಲಾವಣೆಯನ್ನು ಸೇರಿಸಿರುವುದಿಲ್ಲ. ಕೋಷ್ಟಕದ ಊರು ನೂರು ಕಿಲೋಮೀಟರ್ ದೂರದ ಬಂದರಾಗಿದ್ದರೆ ನಿಮ್ಮ ಬೀಚಿನ ಸಮಯ ಬೇರೆ ಇರಬಹುದು. ಇನ್ನು ಅಲ್ಲಿರುವ ಎತ್ತರ ಶಾಂತ ಹವೆಯ ಲೆಕ್ಕ. ವಾಯುಭಾರ ಒಂದು ಮಿಲಿಬಾರ್ ಕುಸಿದರೆ ಕಡಲಮಟ್ಟ ಸುಮಾರು ಒಂದು ಸೆಂಟಿಮೀಟರ್ ಏರುತ್ತದೆ, ದಡದತ್ತ ಬೀಸುವ ಗಾಳಿ ಅದಕ್ಕೆ ಇನ್ನಷ್ಟು ಸೇರಿಸುತ್ತದೆ.

5. ಅಲೆಯ ಎತ್ತರವನ್ನಷ್ಟೇ ನೋಡಬೇಡಿ, ಅವಧಿಯನ್ನೂ ನೋಡಿ

ಮುನ್ಸೂಚನೆಯಲ್ಲಿ ಎರಡು ಅಂಕಿಗಳಿರುತ್ತವೆ. ಒಂದು ಎತ್ತರ, ಮೀಟರಿನಲ್ಲಿ. ಅದು ಅಲೆಗಳಲ್ಲಿ ದೊಡ್ಡದಾದ ಮೂರನೇ ಒಂದು ಭಾಗದ ಸರಾಸರಿ. ಬಿಡಿ ಅಲೆಯೊಂದು ಅದರ ಸುಮಾರು ಎರಡರಷ್ಟು ಎದ್ದು ಬರುವುದು ಅಪರೂಪವಾದರೂ ಅಸಹಜವಲ್ಲ. ಇನ್ನೊಂದು ಅವಧಿ, ಅಂದರೆ ಒಂದು ಅಲೆಯ ನೆತ್ತಿಯಿಂದ ಮುಂದಿನ ಅಲೆಯ ನೆತ್ತಿಗೆ ಹಿಡಿಯುವ ಸೆಕೆಂಡುಗಳು. ಹತ್ತಿರದ ಗಾಳಿ ಎಬ್ಬಿಸಿದ ಅಲೆಗಳ ಅವಧಿ ಐದಾರು ಸೆಕೆಂಡು ಇದ್ದರೆ, ಸಾವಿರಾರು ಕಿಲೋಮೀಟರ್ ಆಚೆಯ ಬಿರುಗಾಳಿಯಿಂದ ಹೊರಟ ಸ್ವೆಲ್ ಎಂಬ ಉದ್ದಲೆಗಳದ್ದು ಹನ್ನೆರಡು, ಹದಿನೈದು ಸೆಕೆಂಡು, ಕೆಲವೊಮ್ಮೆ ಇನ್ನೂ ಹೆಚ್ಚು.

ಉದ್ದಲೆಯ ಮೋಸ ಏನೆಂದರೆ, ಆಕಾಶ ತಿಳಿಯಾಗಿ, ಗಾಳಿಯಿಲ್ಲದ ದಿನವೂ ಅದು ಬರುತ್ತದೆ. ನಾಲ್ಕೈದು ಸಣ್ಣ ಅಲೆಗಳು ನೊರೆ ಚೆಲ್ಲಿ ಹಿಂದಿರುಗಿದ ಮೇಲೆ, ಹತ್ತು ನಿಮಿಷ ಶಾಂತವಾಗಿದ್ದ ದಡಕ್ಕೆ ಒಮ್ಮೆಲೇ ದೊಡ್ಡ ಅಲೆಗಳ ಒಂದು ಗುಂಪು ನುಗ್ಗಿ, ಅದುವರೆಗೆ ಒದ್ದೆಯೇ ಆಗದ ಮರಳಿನವರೆಗೂ ಓಡಿಬರುತ್ತದೆ. ರೇನಿಸ್‌ಫ್ಯಾರಾದಲ್ಲಿ ಹೀಗೆ ಹಲವರು ಪ್ರಾಣ ಕಳೆದುಕೊಂಡಿದ್ದಾರೆ. ಅಪಾಯದ ಮಟ್ಟ ತೋರಿಸುವ ದೀಪವನ್ನೇ ಅಲ್ಲಿ ನಿಲ್ಲಿಸಿದ್ದಾರೆ. ಪ್ರಾಣ ಕಳೆದುಕೊಂಡವರಲ್ಲಿ ಎಲ್ಲರೂ ಈಜಲು ಹೋದವರಲ್ಲ, ಕಡಲಿಗೆ ಬೆನ್ನು ಹಾಕಿ ಚಿತ್ರ ತೆಗೆಸಿಕೊಳ್ಳುವುದೇ ಅಲ್ಲಿ ಅಪಾಯ.

ಎತ್ತರ ಎರಡು ಪಟ್ಟಾದರೆ ಅಲೆಯ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಅವಧಿ ಹೆಚ್ಚಿದಂತೆಯೂ ಅದು ಏರುತ್ತದೆ. ನನ್ನ ಅಳತೆ ಹೀಗಿದೆ: ಅವಧಿ 12 ಸೆಕೆಂಡು ಮೀರಿ ಎತ್ತರ 2 ಮೀಟರ್ ದಾಟಿದರೆ, ತೆರೆದ ಬೀಚುಗಳನ್ನು ಅಂದು ಮೇಲಿನ ದಾರಿಯಿಂದಲೇ ನೋಡುವುದು. ಅಂಥ ದಿನ ಮೇಲಿನಿಂದ ಕಾಣುವ ನೋಟವೇ ಹೆಚ್ಚು ಸೊಗಸು ಎಂಬುದೂ ನಿಜ.

6. ಋತುವನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ

ಬಿರುಗಾಳಿಯ ಕಾಲದ ಕಡಿದಾದ ಅಲೆಗಳು ದಡದ ಮರಳನ್ನು ಎಳೆದೊಯ್ದು ನೀರಿನಡಿಯಲ್ಲಿ ದಿಬ್ಬವಾಗಿ ಕೂಡಿಡುತ್ತವೆ; ಶಾಂತ ಕಾಲದ ಮೆಲ್ಲನೆಯ ಅಲೆಗಳು ಅದನ್ನು ತಿಂಗಳುಗಟ್ಟಲೆ ಹೊತ್ತು ದಡಕ್ಕೆ ಮರಳಿಸುತ್ತವೆ. ಬೇಸಿಗೆಯ ಕೊನೆಯ ಚಿತ್ರವೊಂದನ್ನು ನಂಬಿ ಚಳಿಗಾಲ ಮುಗಿಯುತ್ತಿದ್ದಂತೆ ಒಂದು ಕೊಲ್ಲಿಗೆ ಇಳಿದ ನನಗೆ ಸಿಕ್ಕಿದ್ದು ತಲೆಗಾತ್ರದ ಉರುಟುಗಲ್ಲುಗಳು. ಮರಳೆಂಬುದು ಒಂದು ಬಂಡೆಯ ಹಿಂದೆ ಚಾಪೆಯಗಲ ಉಳಿದಿತ್ತು. ಅಂದಿನಿಂದ ಉಪಗ್ರಹದ ಹಳೆಯ ಚಿತ್ರಗಳಲ್ಲಿ ನಾನು ಹೋಗುವ ತಿಂಗಳನ್ನೇ ಹುಡುಕಿ ನೋಡುತ್ತೇನೆ. ಚಿತ್ರ ತೆಗೆದ ಗಳಿಗೆ ಉಬ್ಬರವೋ ಇಳಿತವೋ ತಿಳಿಯದಾದ್ದರಿಂದ ಒಂದೇ ಚಿತ್ರಕ್ಕೆ ತೃಪ್ತಿಪಡದೆ ನಾಲ್ಕೈದನ್ನು ಹೋಲಿಸಬೇಕು. ಎಲ್ಲ ಚಿತ್ರಗಳಲ್ಲೂ ಮರಳು ಕಂಡರೆ ಆ ಬೀಚು ನಂಬಿಕೆಗೆ ಅರ್ಹ.

ಹಕ್ಕಿಗಳು ಗೂಡು ಕಟ್ಟುವ, ಸೀಲ್‌ಗಳು ಮರಿಹಾಕುವ, ಆಮೆಗಳು ಮೊಟ್ಟೆಯಿಡುವ ತಿಂಗಳುಗಳಲ್ಲಿ ಕೆಲವು ಬೀಚುಗಳನ್ನು ಮುಚ್ಚುತ್ತಾರೆ ಅಥವಾ ಭಾಗಶಃ ಬೇಲಿ ಹಾಕುತ್ತಾರೆ. ದಾರಿಯ ಹಕ್ಕನ್ನೂ ವಿಚಾರಿಸಿ: ಅಮೆರಿಕದ ಒರೆಗಾನ್ ರಾಜ್ಯದಲ್ಲಿ 1967ರ ಕಾಯ್ದೆ ಬೀಚುಗಳನ್ನು ಸಾರ್ವಜನಿಕರಿಗೆ ತೆರೆದಿಟ್ಟಿದೆ, ಎಲ್ಲ ಕಡೆ ಹಾಗಿಲ್ಲ, ಮರಳು ಎಲ್ಲರದಾಗಿದ್ದು ಅಲ್ಲಿಗೆ ಇಳಿಯುವ ಹೊಲ ಮಾತ್ರ ಖಾಸಗಿಯಾಗಿರುವುದೂ ಉಂಟು.

7. ಒಂದು ದಿನಕ್ಕೆ ಎರಡೇ ಬೀಚು, ಜೊತೆಗೊಂದು ಬದಲಿ

ಇಲ್ಲಿಯವರೆಗಿನ ಹಂತಗಳಲ್ಲಿ ಪಟ್ಟಿ ತಾನಾಗಿಯೇ ಸೋಸಿಹೋಗಿರುತ್ತದೆ. ಇಳಿತದಲ್ಲಿ ಮಾತ್ರ ಸಿಗುವ ಒಂದು ಬೀಚನ್ನು ಆ ದಿನದ ಇಳಿತದ ಸಮಯಕ್ಕೆ ಇಟ್ಟುಕೊಳ್ಳಿ. ಉಬ್ಬರದಲ್ಲೂ ಮರಳು ಉಳಿಯುವ ಅಗಲವಾದ ಇನ್ನೊಂದನ್ನು ಉಳಿದ ಹೊತ್ತಿಗೆ. ಮೂರನೆಯದು ಬದಲಿ: ಗಾಳಿ ಅಥವಾ ಅಲೆ ಕೈಕೊಟ್ಟರೆ ಹೋಗಲು ಬೇರೆ ದಿಕ್ಕಿಗೆ ಬಾಯಿ ತೆರೆದ, ಭೂಶಿರದ ಮರೆಯಲ್ಲಿರುವ ಕೊಲ್ಲಿ. ಅಂಕುಡೊಂಕಾದ ಕರಾವಳಿಯ ರಸ್ತೆಯಲ್ಲಿ ದಿನಕ್ಕೆ ಐದು ಬೀಚು ನೋಡುತ್ತೇವೆಂದು ಹೊರಟವರು ಐದು ವಾಹನ ನಿಲ್ದಾಣಗಳನ್ನು ನೋಡಿ ಬರುತ್ತಾರೆ.

8. ತಲುಪಿದ ಮೇಲೆ, ಇಳಿಯುವ ಮುನ್ನ

ಮೇಲೆ ನಿಂತು ಇಪ್ಪತ್ತು ನಿಮಿಷ ಕಡಲನ್ನು ನೋಡಿ. ದೊಡ್ಡ ಅಲೆಗಳ ಒಂದೆರಡು ಗುಂಪಾದರೂ ಅಷ್ಟರಲ್ಲಿ ಬಂದುಹೋಗುವುದರಿಂದ ನೀರು ಎಲ್ಲಿಯವರೆಗೆ ಏರಬಲ್ಲದೆಂದು ಕಣ್ಣಿಗೇ ಕಾಣುತ್ತದೆ. ಸಾಲುಗಟ್ಟಿ ಒಡೆಯುತ್ತಿರುವ ಅಲೆಗಳ ನಡುವೆ ಒಂದು ಕಡೆ ಮಾತ್ರ ನೊರೆಯಿಲ್ಲದೆ, ನೀರು ಕಡುಬಣ್ಣವಾಗಿ, ಸಮಾಧಾನವಾಗಿರುವಂತೆ ಕಂಡರೆ ಅದು ಇಳಿಯಲು ಒಳ್ಳೆಯ ಜಾಗವೆಂದು ಭಾವಿಸಬೇಡಿ. ದಡಕ್ಕೆ ಬಂದ ನೀರು ಕಿರಿದಾದ ಕಾಲುವೆಯಾಗಿ ಕಡಲಿಗೆ ಮರಳುವ ಸೆಳೆತ ಅದು, ರಿಪ್ ಕರೆಂಟ್ ಎನ್ನುತ್ತಾರೆ. ಜೋರಾದಾಗ ಸೆಕೆಂಡಿಗೆ ಎರಡು ಮೀಟರಿಗೂ ಹೆಚ್ಚು ವೇಗದಲ್ಲಿ ಎಳೆಯುತ್ತದೆ, ನುರಿತ ಈಜುಗಾರನೂ ಅದಕ್ಕೆ ಎದುರಾಗಿ ಈಜಲಾರ. ಸಿಕ್ಕಿಕೊಂಡರೆ ದಡದತ್ತ ಹೋರಾಡದೆ ತೇಲುತ್ತಾ, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಹೊರಬಂದು, ಆಮೇಲೆ ದಡದತ್ತ ತಿರುಗಬೇಕು. ಬಂಡೆಯ ಮೂತಿಗೆ ಅಂಟಿಕೊಂಡಂತೆ ಇಂಥ ಸೆಳೆತ ಸದಾ ಇರುವ ಬೀಚುಗಳು ಹಲವಿವೆ.

ಕೆಳಗಿಳಿದ ಮೇಲೆ ಬಂಡೆಗೋಡೆಯ ಬುಡವನ್ನು ಓದಿ. ಕೆಳಗೆ ಬಿಳಿ ಚಿಪ್ಪಿನ ಜೀವಿಗಳು ಒತ್ತಾಗಿ ಅಂಟಿಕೊಂಡ ಪಟ್ಟಿ, ಅದರ ಮೇಲೆ ಟಾರು ಬಳಿದಂತೆ ಕಾಣುವ ಕಪ್ಪು ಕಲ್ಲುಹೂವಿನ ಪಟ್ಟಿ ಹಲವು ಕಡಲುಗಳ ಬಂಡೆಗಳಲ್ಲಿ ಕಾಣುತ್ತದೆ. ಉಬ್ಬರದ ನೀರು ಆ ಎತ್ತರಕ್ಕೆ ಬರುತ್ತದೆ ಎಂದು ಬಂಡೆಯೇ ಬರೆದಿಟ್ಟಂತೆ. ಆ ಪಟ್ಟಿ ನಿಮ್ಮ ಸೊಂಟಕ್ಕಿಂತ ಮೇಲಿದ್ದರೆ ನೀವು ನಿಂತ ಮರಳಿಗೆ ಉಬ್ಬರದಲ್ಲಿ ಜಾಗವಿಲ್ಲ. ಒಣಗಿದ ಕಡಲಪಾಚಿ, ಕಡ್ಡಿಕಸ ಸಾಲಾಗಿ ಬಿದ್ದ ಗೆರೆ ಎಲ್ಲಿದೆಯೆಂದು ನೋಡಿ: ಅದು ಗೋಡೆಯಿಂದ ಸಾಕಷ್ಟು ದೂರವಿದ್ದರೆ ಹಿಂದೆ ಒಣ ಮರಳು ಉಳಿಯುತ್ತದೆ, ಗೋಡೆಯ ಬುಡದಲ್ಲೇ ಇದ್ದರೆ ಉಳಿಯುವುದಿಲ್ಲ. ನೀರಂಚಿನಲ್ಲಿ ಬಿದ್ದ ದೊಡ್ಡ ಮರದ ದಿಮ್ಮಿಗಳ ಮೇಲೆ ಕೂರಬೇಡಿ. ಕಣಕಾಲುದ್ದದ ನೀರು ಸಾಕು, ಟನ್ ತೂಕದ ದಿಮ್ಮಿ ಉರುಳಿ ಮನುಷ್ಯನ ಮೇಲೆ ಬರಲು.

ಗೋಡೆಯ ನೆರಳು ಎಷ್ಟೇ ತಂಪಾಗಿರಲಿ, ಅದರ ಬುಡದಲ್ಲಿ ಚಾಪೆ ಹಾಸಬೇಡಿ. ಮಳೆಯ ನಂತರವಂತೂ ಸಡಿಲವಾದ ಕಲ್ಲು ಯಾವ ಸೂಚನೆಯೂ ಇಲ್ಲದೆ ಬೀಳುತ್ತದೆ. ಬುಡದಲ್ಲಿ ಹೊಸ ಬಣ್ಣದ, ಚೂಪಂಚಿನ ಕಲ್ಲುರಾಶಿ ಕಂಡರೆ ಇತ್ತೀಚೆಗೆ ಕುಸಿದಿದೆ ಎಂದರ್ಥ. ಕಮಾನುಗಳ ಮೇಲೆ ಹತ್ತುವವರಿಗೂ ಇದೇ ಮಾತು. ಆಸ್ಟ್ರೇಲಿಯಾದ ವಿಕ್ಟೋರಿಯಾ ಕರಾವಳಿಯಲ್ಲಿ ಲಂಡನ್ ಬ್ರಿಜ್ ಎಂದು ಕರೆಯುತ್ತಿದ್ದ ಬಂಡೆಯ ಸೇತುವೆ 1990ರ ಜನವರಿಯಲ್ಲಿ ಕುಸಿದಾಗ ತುದಿಯಲ್ಲಿ ಇಬ್ಬರು ಸಿಕ್ಕಿಕೊಂಡಿದ್ದರು, ಹೆಲಿಕಾಪ್ಟರ್ ತರಿಸಿ ಅವರನ್ನು ಇಳಿಸಬೇಕಾಯಿತು. ಮಾಲ್ಟಾದ ಅಝೂರ್ ವಿಂಡೋ ಎಂಬ ಕಮಾನು 2017ರ ಮಾರ್ಚ್ 8ರಂದು ಬಿರುಗಾಳಿಯಲ್ಲಿ ಪೂರ್ತಿ ಕಡಲು ಸೇರಿತು. ಅದರ ಚಿತ್ರವಿರುವ ಹಳೆಯ ಪ್ರವಾಸಿ ಪಟ್ಟಿಗಳು ಮಾತ್ರ ಇನ್ನೂ ಓಡಾಡುತ್ತಿವೆ. ನಿಮ್ಮ ಕೈಗೆ ಸಿಕ್ಕ ಪಟ್ಟಿ ಯಾವ ವರ್ಷದ್ದೆಂದು ಒಮ್ಮೆ ನೋಡಿಕೊಳ್ಳಿ.